ಕಮ್ಯುನಿಟಿ ಕಾಲೇಜಿನಲ್ಲಿ ಯಾವ ಪ್ರೋಗ್ರಾಂ, ಹೇಗೆ ಪ್ಲಾನ್? ಬೇ ಏರಿಯಾದವರು ಅನುಭವ ಹೇಳಿ

ಸನ್ನಿವೇಲ್ ಅಮ್ಮ: ಮಗಳು ಈ ಜೂನ್‌ಗೆ ಹೈಸ್ಕೂಲ್ ಮುಗಿಸುತ್ತಾಳೆ. ಕೇಳಿದ ಯುಸಿಗಳಲ್ಲಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಕ್ಯಾಂಪಸ್‌ಗಳಲ್ಲಿ) ಸೀಟು ಸಿಗಲಿಲ್ಲ. ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಸೇರಿಸಿ, 2 ವರ್ಷದ ಮೇಲೆ ಯುಸಿಗೆ ಟ್ರಾನ್ಸ್‌ಫರ್ ಮಾಡಿಸುವ ಯೋಚನೆ ಇದೆ. ಬಯಾಲಜಿಯಾ, ಕಂಪ್ಯೂಟರ್ ಸೈನ್ಸಾ ಅಂತ ಅವಳಿಗೇ ಇನ್ನೂ ಗಟ್ಟಿಯಿಲ್ಲ. ಆಮೇಲೆ ಯಾವುದಕ್ಕೆ ಹೋದರೂ ತಗೊಂಡ ಕ್ಲಾಸು ದಂಡ ಆಗಬಾರದು. ಮೊದಲ ಕ್ವಾರ್ಟರ್‌ಗೆ (ಸುಮಾರು ಮೂರು ತಿಂಗಳ ಟರ್ಮ್) ಏನೇನು ಹಾಕಿಸಲಿ? ನಾವು ಎಚ್4 (ಎಚ್1ಬಿ ಕೆಲಸದವರ ಗಂಡ, ಹೆಂಡತಿ, ಮಕ್ಕಳ ವೀಸಾ).

ಲೆಕ್ಕದ ಅಪ್ಪ: ಧೈರ್ಯವಾಗಿ ಸೇರಿಸಿ. ನನ್ನ ಮಗ ಇದೇ ದಾರಿಯಲ್ಲಿ ಹೋಗಿ ಈಗ ಯುಸಿ ಡೇವಿಸ್‌ನಲ್ಲಿ ಎಕನಾಮಿಕ್ಸ್ ಓದುತ್ತಿದ್ದಾನೆ. ಲೆಕ್ಕ ನೋಡಿ. ಕ್ವಾರ್ಟರ್ ಯೂನಿಟ್ಟಿಗೆ, ಅಂದರೆ ಒಂದು ಕ್ರೆಡಿಟ್ಟಿಗೆ, 31 ಡಾಲರ್. ಟ್ರಾನ್ಸ್‌ಫರ್‌ಗೆ ಬೇಕಾದ 90 ಯೂನಿಟ್ಟಿಗೆ 2,790. ಎರಡು ವರ್ಷಕ್ಕೆ ಅಷ್ಟೇ! ಯುಸಿಯಲ್ಲಿ ಇಲ್ಲಿನ ರೆಸಿಡೆಂಟ್‌ಗಳಿಗೇ ಒಂದು ವರ್ಷದ ಟ್ಯೂಷನ್ 14 ಸಾವಿರದ ಮೇಲೆ, ರೂಮು ಊಟ ಬೇರೆ. ಪುಸ್ತಕಕ್ಕೂ ದುಡ್ಡು ಸುರಿಯಲಿಲ್ಲ. ಝೀರೋ ಟೆಕ್ಸ್ಟ್‌ಬುಕ್ ಕಾಸ್ಟ್ ಅಂತ ಗುರುತಿರುವ ಸೆಕ್ಷನ್‌ಗಳನ್ನೇ ಹುಡುಕಿ ಹಾಕಿಸಿದೆ. ಟ್ಯಾಗ್ (ಯುಸಿ ಸೀಟು ಖಾತ್ರಿ ಮಾಡುವ ಟ್ರಾನ್ಸ್‌ಫರ್ ಒಪ್ಪಂದ) ಅರ್ಜಿ ಸೆಪ್ಟೆಂಬರ್ 1ರಿಂದ 30ರೊಳಗೆ, ಅದೂ ಒಂದೇ ಕ್ಯಾಂಪಸ್‌ಗೆ. ಬರ್ಕ್ಲಿ, ಯುಸಿಎಲ್‌ಎ, ಸ್ಯಾನ್ ಡಿಯಾಗೊ ಟ್ಯಾಗ್ ಕೊಡುವುದಿಲ್ಲ. ಜನರಲ್ ಎಜುಕೇಷನ್ (ಯಾವ ವಿಷಯದವರಿಗೂ ಬೇಕಾದ ಸಾಮಾನ್ಯ ಕ್ಲಾಸುಗಳು) ಮೊದಲು ಮುಗಿಸಿಬಿಡಿ, 2025ರ ಫಾಲ್‌ನಿಂದ ಕ್ಯಾಲ್-ಜೆಟ್‌ಸಿ ಅಂತ ಒಂದೇ ಪಟ್ಟಿ ಇದೆ. ಕನ್ನಡ ಕೂಟದ ಯುಗಾದಿಯಲ್ಲಿ "ಮಗ ಎಲ್ಲಿ ಸೇರಿದ?" ಅಂತ ಕೇಳಿ ಮುಖ ಒಂಥರಾ ಮಾಡಿದವರಿದ್ದಾರೆ. ಮಾಡಲಿ ಬಿಡಿ. ಸಾಲ ಕಟ್ಟುತ್ತಿರುವುದು ಅವರು, ನಾನಲ್ಲ.

ಕೆಮಿಸ್ಟ್ರಿ ತಾಯಿ: ಸಾರ್, ಎಕನಾಮಿಕ್ಸ್‌ಗೆ ಲ್ಯಾಬ್ ಇದೆಯಾ? ಸೈನ್ಸ್ ಮಕ್ಕಳಿಗೆ ಜನರಲ್ ಎಜುಕೇಷನ್ ಮೊದಲು ಮುಗಿಸಿ ಅನ್ನಬೇಡಿ ದಯವಿಟ್ಟು. ನಮ್ಮ ಕೌನ್ಸೆಲರೂ ಮೊದಲು ಅದನ್ನೇ ಮುಗಿಸಿ ಅಂದಿದ್ದರು. ಮೊದಲ ವರ್ಷ ಹಿಸ್ಟರಿ, ಆರ್ಟು, ಸ್ಪೀಚು ಅಂತ ಚೆಂದವಾಗಿ ಕಳೆಯಿತು. ಆಮೇಲೆ ನೋಡಿದರೆ ಕೆಮಿಸ್ಟ್ರಿ 1ಎ, 1ಬಿ, 1ಸಿ ಮುಗಿದ ಮೇಲೇ ಆರ್ಗ್ಯಾನಿಕ್ 12ಎ, 12ಬಿ, 12ಸಿ. ಒಂದಾದ ಮೇಲೆ ಒಂದು, ಒಟ್ಟು ಆರು ಕ್ವಾರ್ಟರ್. ನಡುವೆ ಒಂದು ತಪ್ಪಿದರೆ ಆ ವರ್ಷವೇ ಹೋಯಿತು. ಹೊಸಬರಿಗೆ ರಿಜಿಸ್ಟ್ರೇಷನ್ ದಿನ ಕೊನೆಗೆ ಬರುತ್ತೆ, ಅಷ್ಟರಲ್ಲಿ ಲ್ಯಾಬ್ ಸೆಕ್ಷನ್ ಭರ್ತಿ. ವೇಟ್‌ಲಿಸ್ಟು, ಪ್ರೊಫೆಸರಿಗೆ ಮೇಲ್, ಆ್ಯಡ್ ಕೋಡ್‌ಗೆ (ಭರ್ತಿಯಾದ ಕ್ಲಾಸಿಗೆ ಸೇರಲು ಪ್ರೊಫೆಸರ್ ಕೊಡುವ ನಂಬರ್) ಕಾಯುವುದು, ಇದೇ ಆಯ್ತು.

ಸೀಟು ಸಿಗಲಿಲ್ಲ ಅಂತ ಮಗಳು ಸೆಮಿಸ್ಟರ್ ಇರುವ ಇನ್ನೊಂದು ಕಾಲೇಜಿಗೆ ಹೋದಳು. ಅಲ್ಲಿ ಕ್ಯಾಲ್ಕುಲಸ್ ಮೂರು ಸೆಮಿಸ್ಟರ್, ಇಲ್ಲಿ ನಾಲ್ಕು ಕ್ವಾರ್ಟರ್. ಇಲ್ಲಿ ಅರ್ಧ ಮಾಡಿದ್ದು ಅಲ್ಲಿ ಸರಿಯಾಗಿ ಕೂರಲಿಲ್ಲ. ಪಾಸಾದ ಪಾಠವನ್ನೇ ಮತ್ತೆ ಕೇಳಿದಳು. ಅಲ್ಲಿ ಸೆಮಿಸ್ಟರ್ ಯೂನಿಟ್ಟಿಗೆ 46 ಡಾಲರ್, ಜೊತೆಗೆ 880 ಹೈವೇ ಪೆಟ್ರೋಲು, ಪಾರ್ಕಿಂಗ್ ಪರ್ಮಿಟ್ಟು, ಹೊಸ ಲ್ಯಾಬ್ ಮ್ಯಾನ್ಯುಯಲ್ಲು. ಎರಡು ವರ್ಷ ಅಂದುಕೊಂಡಿದ್ದು ಮೂರು ದಾಟಿತು.

ಲೆಕ್ಕದ ಅಪ್ಪ: ಅಸಿಸ್ಟ್ ಡಾಟ್ ಆರ್ಗ್ ಅಂತ ಒಂದು ಸೈಟ್ ಇದೆ. ಈ ಕಾಲೇಜಿನ ಈ ಕ್ಲಾಸು ಆ ಯುಸಿಯಲ್ಲಿ ಯಾವುದಕ್ಕೆ ಸಮ ಅಂತ ಮೇಜರ್ (ಮುಖ್ಯ ವಿಷಯ) ವಾರು ಇರುತ್ತೆ. ಸೇರುವ ಮೊದಲು ನೋಡಬೇಕಿತ್ತು. ಕೌನ್ಸೆಲರನ್ನು ಬೈದು ಏನು ಪ್ರಯೋಜನ?

ಕೆಮಿಸ್ಟ್ರಿ ತಾಯಿ: ನೋಡಿದ್ವಿ ಸಾರ್. ನಮಗೂ ಓದೋಕೆ ಬರುತ್ತೆ. ಕ್ಲಾಸು ಇದೆ ಅಂತ ಅಸಿಸ್ಟ್ ಹೇಳುತ್ತೆ, ಸೀಟು ಇದೆ ಅಂತ ಹೇಳಲ್ಲ! ನಿಮ್ಮ ಮಗನಿಗೆ ಎಲ್ಲ ಸಲೀಸಾಯಿತು ಅಂತ ಬೇರೆಯವರೆಲ್ಲ ದಡ್ಡರಾ?

ಐ-539 ಸಂತ್ರಸ್ತ: ಸನ್ನಿವೇಲ್ ಅಮ್ಮ, ಎಚ್4 ಅಂದಿರಿ. ಮೇಜರ್ ಆಮೇಲೆ ನೋಡೋಣ, ಮಗಳ ಹುಟ್ಟಿದ ದಿನ ಮೊದಲು ನೋಡಿ. 21 ತುಂಬಿದರೆ ಎಚ್4 ಮುಗೀತು. ನಮ್ಮ ಗ್ರೀನ್ ಕಾರ್ಡ್ ಸರದಿ ಯಾವ ಜನ್ಮಕ್ಕೋ. ಮಗನಿಗೆ ಎರಡನೇ ವರ್ಷದ ನಡುವೆ ಎಫ್1 (ವಿದ್ಯಾರ್ಥಿ ವೀಸಾ) ಮಾಡಿಸಬೇಕಾಯಿತು. ವೀಸಾ ಬಗೆ ಬದಲಾಯಿಸುವ ಐ-539 ಆನ್‌ಲೈನ್ ಅರ್ಜಿಗೆ 420 ಡಾಲರ್, ಸೆವಿಸ್‌ಗೆ (ವಿದೇಶಿ ವಿದ್ಯಾರ್ಥಿಗಳ ನೋಂದಣಿ) 350, ವಕೀಲರಿಗೆ ಕೊಟ್ಟದ್ದು ಇವೆರಡಕ್ಕಿಂತ ಜಾಸ್ತಿ. ಎಫ್1 ಆದಮೇಲೆ ಟರ್ಮ್‌ಗೆ 12 ಯೂನಿಟ್ ಇರಲೇಬೇಕು. ಫಿಸಿಕ್ಸ್ ಮುಳುಗುತ್ತಿದೆ ಅಂತ ಗೊತ್ತಿದ್ದರೂ ಡ್ರಾಪ್ ಮಾಡೋಕಾಗಲಿಲ್ಲ. ಫೀಸೂ ನಾನ್‌ರೆಸಿಡೆಂಟ್ ರೇಟಿಗೆ ಹಾರಿತು. 2,790 ಅಂತ ಬರೆದವರು ಇದನ್ನೂ ಬರೆಯಬೇಕಿತ್ತು.

ಲೆಕ್ಕದ ಅಪ್ಪ: ನನ್ನ ಮಗ ಸಿಟಿಜನ್. ನನಗೆ ಗೊತ್ತಿರುವುದನ್ನು ನಾನು ಬರೆದೆ.

ಐ-539 ಸಂತ್ರಸ್ತ: ಅದೇ ತಾನೇ ವಿಷಯ!

ಮೈಸೂರು ಟೀಚರ್: ಮಕ್ಕಳ ವಿಷಯ ಆಯ್ತು, ನನ್ನದೂ ಕೇಳಿ. ಮೈಸೂರಿನಲ್ಲಿ ಬಿಎಸ್‌ಸಿ ಮಾಡಿ ಎಚ್4ನಲ್ಲಿ ಬಂದವಳು. ಬಂದ ಹೊಸದರಲ್ಲಿ ಕಾಲೇಜಿಗೆ ಹೋದರೆ ನಾನ್‌ರೆಸಿಡೆಂಟ್ ಅಂದರು. ಯೂನಿಟ್ಟಿಗೆ 300 ಡಾಲರಿಗೂ ಜಾಸ್ತಿ. ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷ ಒಂದು ದಿನ ಇದ್ದರೆ ಎಚ್4ನವರಿಗೂ ರೆಸಿಡೆಂಟ್ ರೇಟು ಸಿಗುತ್ತೆ. ಕಾದೆ. ಡ್ರೈವಿಂಗ್ ಲೈಸೆನ್ಸ್, ಟ್ಯಾಕ್ಸ್ ಪೇಪರ್, ಮನೆ ಬಾಡಿಗೆ ಪತ್ರ ಎಲ್ಲ ಕೊಟ್ಟೆ. ಎಲ್ಲರೂ ನರ್ಸಿಂಗ್ ಮಾಡು ಅಂದರು. ಅದಕ್ಕೆ ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಮುಗಿಸಿ, ಟೀಸ್ ಅನ್ನೋ ಪ್ರವೇಶ ಪರೀಕ್ಷೆ ಬರೆದು, ಅದಾದ ಮೇಲೂ ಸೀಟು ಖಾತ್ರಿ ಇಲ್ಲ. ನಾನು ಚೈಲ್ಡ್ ಡೆವಲಪ್‌ಮೆಂಟ್ ತಗೊಂಡೆ. 12 ಸೆಮಿಸ್ಟರ್ ಯೂನಿಟ್, 552 ಡಾಲರ್. ಈಗ ಇಎಡಿ (ಕೆಲಸ ಮಾಡುವ ಪರ್ಮಿಟ್ಟು) ಇದೆ, ಪ್ರೀಸ್ಕೂಲ್‌ನಲ್ಲಿ ಪಾಠ ಮಾಡ್ತೀನಿ.

ಲೆಕ್ಕದ ಅಪ್ಪ: ಒಳ್ಳೇದು ತಂಗಿ. ಆದರೆ ಪ್ರೀಸ್ಕೂಲ್ ಸಂಬಳದಲ್ಲಿ ಇಲ್ಲಿ ಬಾಡಿಗೆ ಕಟ್ಟೋಕಾಗುತ್ತಾ?

ಮೈಸೂರು ಟೀಚರ್: ನನ್ನ ಬಾಡಿಗೆ ಚಿಂತೆ ನಿಮಗೆ ಬೇಡ ಅಣ್ಣ. ನರ್ಸಿಂಗ್ ಅಂತ ಹೋಗಿ ವರ್ಷಗಟ್ಟಲೆ ಪ್ರೀರಿಕ್ವಿಸಿಟ್‌ನಲ್ಲೇ (ಮೊದಲೇ ಮುಗಿಸಬೇಕಾದ ಕ್ಲಾಸುಗಳಲ್ಲೇ) ನಿಂತವರು ನನ್ನ ಜೊತೆ ಕ್ಲಾಸಿನಲ್ಲೇ ಇದ್ದರು.

ನರ್ಸ್ ಅಕ್ಕ: ನಿಂತವರ ಕಥೆ ಮಾತ್ರ ಯಾಕೆ? ನಾನು ಅದೇ ಎರಡು ವರ್ಷದ ಪ್ರೋಗ್ರಾಂ ಮುಗಿಸಿ ಎನ್‌ಕ್ಲೆಕ್ಸ್ ಅನ್ನೋ ಲೈಸೆನ್ಸ್ ಪರೀಕ್ಷೆ ಪಾಸಾಗಿ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಆಗಿದ್ದೀನಿ. ರಾತ್ರಿ ಪಾಳಿ ಮಾಡಿ ಮನೆ ಸಾಲ ಕಟ್ಟುತ್ತಿರುವುದು ನಾನೇ. ಕಷ್ಟ ಅಂದರೆ ಕಷ್ಟ ಅನ್ನಿ, ಆಗಲ್ಲ ಅನ್ನಬೇಡಿ.

ಮೈಸೂರು ಟೀಚರ್: ಆಗಲ್ಲ ಅಂತ ನಾನೆಲ್ಲಿ ಅಂದೆ ಅಕ್ಕಾ? ಮೇಲೆ ಹೋಗಿ ಓದಿ.

ಕೆಮಿಸ್ಟ್ರಿ ತಾಯಿ: ಸನ್ನಿವೇಲ್ ಅಮ್ಮ, ಕ್ಯಾಲ್ಕುಲಸ್, ಇಂಗ್ಲಿಷ್ ಬಯಾಲಜಿಗೂ ಬೇಕು, ಕಂಪ್ಯೂಟರ್ ಸೈನ್ಸ್‌ಗೂ ಬೇಕು, ಹಾಕಿಸಿ. ಬಯಾಲಜಿ ಆಸೆ ಇದ್ದರೆ ಕೆಮಿಸ್ಟ್ರಿ 1ಎ ಮೊದಲ ಫಾಲ್‌ನಲ್ಲೇ. ಬೇಡ ಅನಿಸಿದರೆ ಡ್ರಾಪ್ ದಿನದೊಳಗೆ ಬಿಡಬಹುದು, ಮಾರ್ಕ್ಸ್ ಕಾರ್ಡಿನಲ್ಲಿ ಡಬ್ಲ್ಯೂ (ಕ್ಲಾಸು ಬಿಟ್ಟ ಗುರುತು) ಬೀಳಲ್ಲ. ಸರಣಿ ಶುರು ಮಾಡಿದ ಕಾಲೇಜಿನಲ್ಲೇ ಮುಗಿಸಲಿ. ನಮ್ಮ ಮನೇಲಿ ಲ್ಯಾಬ್ ಕೋಟು, ಗಾಗಲ್ಸು, ಆರ್ಗ್ಯಾನಿಕ್ ಮಾಡೆಲ್ ಕಿಟ್ ಇವೆ. ಎಲ್ಲ ಸೇರಿ 40 ಡಾಲರ್. ಫ್ರೀಮಾಂಟ್‌ಗೆ ಬಂದು ತಗೊಂಡು ಹೋಗಬೇಕು.

ಲೆಕ್ಕದ ಅಪ್ಪ: ಗಾಗಲ್ಸ್ ಹೊಸದೇ ಕಡಿಮೆಗೆ ಸಿಗುತ್ತೆ.

ಕೆಮಿಸ್ಟ್ರಿ ತಾಯಿ: ನಿಮ್ಮನ್ನು ಯಾರೂ ಕೊಳ್ಳಿ ಅಂದಿಲ್ಲ ಸಾರ್.