ವಿಷಯ: ‘ಸಂಕ್ ಕಾಸ್ಟ್’ಗೆ ಕನ್ನಡ ಪದ ಬೇಕು, ನಾಳೆ ಮುದ್ರಣ

ಮಂಡ್ಯ:
ಬೋರ್‌ವೆಲ್ ಕೊರೆಸುವ ರೈತರಿಗಾಗಿ ಗೋಡೆಫಲಕ. ನಾಳೆ ಮಧ್ಯಾಹ್ನ ಪ್ರೆಸ್ಸಿಗೆ ಹೋಗಬೇಕು. ಸಂಕ್ ಕಾಸ್ಟ್ ಅಂದರೆ ಈಗಾಗಲೇ ಖರ್ಚಾಗಿ ಮತ್ತೆ ಕೈಗೆ ಬಾರದ ಹಣ. ಕರಡಿನಲ್ಲಿ ಅದಕ್ಕೆ ‘ಮುಳುಗಡೆ ವೆಚ್ಚ’ ಅಂತಿದೆ, ಸರಿಯೇ? ಸಂದರ್ಭ: 600 ಅಡಿಗೂ ನೀರಿಲ್ಲ, ‘ಇಷ್ಟು ಸುರಿದಾಗಿದೆ, ಇನ್ನೊಂದು 100 ಅಡಿ ನೋಡೋಣ’ ಎನ್ನುವ ಘಟ್ಟ. ‘ಲಾಸ್ ಅವರ್ಷನ್’ಗೂ (ಅದೇ ಮೊತ್ತದ ಲಾಭದ ಖುಷಿಗಿಂತ ನಷ್ಟದ ನೋವು ಹೆಚ್ಚು ಕಾಡುವುದು) ಒಂದು ಪದ ಹೇಳಿ.

ಪಾಂಡವಪುರ:
‘ಮುಳುಗಡೆ’ ಬೇಡವೇ ಬೇಡ. ಕನ್ನಂಬಾಡಿ ಹಿನ್ನೀರಿನ ಸೀಮೆಯಲ್ಲಿ ಮುಳುಗಡೆ ಎಂದ ಕೂಡಲೇ ಪರಿಹಾರದ ಮಾತು ಬರುತ್ತದೆ. ನೀವು ಹೇಳಬೇಕಾದ್ದು ಪರಿಹಾರವೇ ಇಲ್ಲದ ಖರ್ಚನ್ನು.

ಸರಸ್ವತಿಪುರಂ:
‘ಗತವ್ಯಯ’. ಎರಡನೆಯದಕ್ಕೆ ‘ನಷ್ಟವಿಮುಖತೆ’. ‘ನಷ್ಟಹೆದರಿಕೆ’ ಅಂತ ಬರೆದೀರಿ, ಅದು ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆಸೆದ ತಪ್ಪು ಜೋಡಣೆ.

ಮದ್ದೂರು:
ಗತವ್ಯಯ ತಪ್ಪು. ಆಗಿಹೋದ ಖರ್ಚೆಲ್ಲ ಸಂಕ್ ಅಲ್ಲ. ಅಡಿಗಿಷ್ಟು ಎಂದು ಕೊಟ್ಟ ಕೊರೆತದ ಹಣ ಮತ್ತೆ ಕೈಸೇರುವುದಿಲ್ಲ. ಮೊದಲೇ ತಂದಿಟ್ಟ ಮೋಟರು, ಕೇಬಲ್ಲು ಮಾರಿದರೆ ಅಷ್ಟೋ ಇಷ್ಟೋ ಬರುತ್ತದೆ, ಆ ಪಾಲು ಸಂಕ್ ಅಲ್ಲ. ‘ನಷ್ಟ’ವನ್ನೂ ಸೇರಿಸಬೇಡಿ: ನೀರು ಬಿದ್ದರೂ ಕೊರೆತದ ಹಣ ಸಂಕ್ ಕಾಸ್ಟೇ. ರೈತ ತೂಗಬೇಕಾದ್ದು ಮುಂದಿನ 100 ಅಡಿಯ ಖರ್ಚನ್ನು, ಅಲ್ಲಿ ನೀರು ಸಿಗುವ ಸಾಧ್ಯತೆಯನ್ನು. 600 ಅಡಿಯಲ್ಲಿ ಕಂಡ ಕಲ್ಲು, ಬಿರುಕು, ತೇವ ಲೆಕ್ಕಕ್ಕೆ ಬರುತ್ತವೆ. ಅಲ್ಲಿ ಸುರಿದ ದುಡ್ಡು ಬರಬಾರದು.

‘ವಿಮುಖತೆ’ ಎಂದರೆ ಮುಖ ತಿರುಗಿಸಿ ದೂರ ಸರಿಯುವುದು, ಅದು ಅರ್ಥವನ್ನು ತಿರುಗಾಮುರುಗಾ ಮಾಡುತ್ತದೆ. ನಷ್ಟದಲ್ಲಿ ಸಿಕ್ಕಿಕೊಂಡವರು ಖಚಿತ ನಷ್ಟ ಒಪ್ಪುವ ಬದಲು ಅಪಾಯದ ಕಡೆ ವಾಲುತ್ತಾರೆ ಎಂಬುದನ್ನೇ ಮನಶ್ಶಾಸ್ತ್ರಜ್ಞರಾದ ಕಾಹ್ನೆಮನ್, ಟ್ವೆರ್‌ಸ್ಕಿ 1979ರಲ್ಲಿ ತೋರಿಸಿದ್ದು. 1992ರ ಅವರ ಅಂದಾಜಿನಲ್ಲಿ ನಷ್ಟದ ತೂಕ ಅದೇ ಮೊತ್ತದ ಲಾಭಕ್ಕಿಂತ ಸುಮಾರು 2.25 ಪಟ್ಟು. ತೂಕದ ಮಾತಿದು. ‘ನಷ್ಟಭಾರ’ ಎನ್ನಿ.

ಸರಸ್ವತಿಪುರಂ:
‘ನಷ್ಟಭಾರ’ವನ್ನು ಸಾಲದ ಹೊರೆ ಅಂತ ಓದುತ್ತಾರೆ. ಒಪ್ಪುವುದಿಲ್ಲ.

ಶ್ರೀರಂಗಪಟ್ಟಣ:
ಎಲ್ಲಕ್ಕೂ ಸಂಸ್ಕೃತವೇ ಏಕೆ? ‘ಮರಳದ ವೆಚ್ಚ’.

ಪಾಂಡವಪುರ:
ನಮ್ಮಲ್ಲಿ ಮರಳು ಎಂದರೆ ಹೊಳೆ ಮರಳು. ದೂರದಿಂದ ಓದಿದವರು ಮರಳಿನ ರೇಟು ಅಂದುಕೊಂಡಾರು. ‘ವಾಪಸ್ ಬಾರದ ಖರ್ಚು’ ಹಾಕಿ.

ಶ್ರೀರಂಗಪಟ್ಟಣ:
ವಾಪಸ್ಸೂ ಪಾರಸಿ, ಖರ್ಚೂ ಪಾರಸಿ. ಕನ್ನಡದ್ದು ‘ಬಾರದ’ ಒಂದೇ. ಇದನ್ನು ಕನ್ನಡ ಪದ ಎನ್ನುವುದು ಹೇಗೆ?

ಮದ್ದೂರು:
ಜಮೀನು, ಅರ್ಜಿ, ತಕರಾರು, ಜಮಾಬಂದಿ ಪಾರಸಿಯಿಂದಲೇ ಬಂದವು. ತಾಲ್ಲೂಕು ಕಚೇರಿಗೆ ಹೋಗುವವರಿಗೆ ಅವು ಮನೆಮಾತು. ಫಲಕ ಓದುವವರೂ ಅವರೇ.

ಮಂಡ್ಯ:
‘ವಾಪಸ್ ಬಾರದ ಖರ್ಚು’ ಹಾಕುತ್ತಿದ್ದೇನೆ. ಕೆಳಗೆ: ‘ಸುರಿದದ್ದನ್ನು ಬಿಡಿ, ಮುಂದಿನ 100 ಅಡಿಯ ಲೆಕ್ಕ ಹಾಕಿ’. ಲಾಸ್ ಅವರ್ಷನ್‌ಗೆ ಪದ ಇಡದೆ ವಾಕ್ಯದಲ್ಲೇ ವಿವರಿಸುತ್ತೇನೆ.

ಸರಸ್ವತಿಪುರಂ:
ಫಲಕಕ್ಕೆ ವಾಕ್ಯ ಸಾಕು. ಪಠ್ಯಪುಸ್ತಕಕ್ಕೆ ಪಾರಿಭಾಷಿಕ ಪದ ಬೇಕೇ ಬೇಕು.