ಇನ್‌ಸ್ಟ್ರಕ್ಟರ್ ರೇಟಿಂಗ್‌ಗೆ ಯಾವ ಫ್ಲೈಯಿಂಗ್ ಸ್ಕೂಲ್? ದೊಡ್ಡದೋ ಚಿಕ್ಕದೋ?

ಪ್ರಶ್ನೆ (ಹೊಸಹಾರಾಟ):
ಕಮರ್ಷಿಯಲ್ ಲೈಸೆನ್ಸ್ ಆಗಿದೆ. ಈಗ ಇನ್‌ಸ್ಟ್ರಕ್ಟರ್ ರೇಟಿಂಗ್ (ಬೇರೆಯವರಿಗೆ ಹಾರಾಟ ಕಲಿಸುವ ಅರ್ಹತೆ) ಮಾಡಬೇಕು ಅಂತಿದ್ದೇನೆ. ಎರಡು ಸ್ಕೂಲ್ ನೋಡಿಟ್ಟಿದ್ದೇನೆ. ಒಂದು ದೊಡ್ಡದು. ಹೊಸ ಡೈಮಂಡ್ ಡಿಎ40 ವಿಮಾನಗಳು ಸಾಲಾಗಿ ನಿಂತಿವೆ, ಗ್ಲಾಸ್ ಕಾಕ್‌ಪಿಟ್ (ಮುಳ್ಳಿನ ಮೀಟರ್‌ಗಳ ಬದಲು ಸ್ಕ್ರೀನ್), ಸಿಮ್ಯುಲೇಟರ್ ಎಲ್ಲಾ ಇದೆ. ಕೋರ್ಸ್ ಬೇಗ ಮುಗಿಸಿಕೊಡ್ತೀವಿ ಅನ್ನುತ್ತಾರೆ. ಇನ್ನೊಂದರಲ್ಲಿ ಒಂದು ಸೆಸ್ನಾ 152, ಒಂದು ಹಳೇ 172, ವಯಸ್ಸಾದ ಇನ್‌ಸ್ಟ್ರಕ್ಟರ್ ಒಬ್ಬರು, ಅಷ್ಟೇ. ಮನೆಯವರೆಲ್ಲ ದೊಡ್ಡದಕ್ಕೇ ಸೇರು ಅಂತಾರೆ. ನೀವೇನಂತೀರಿ?

ಬಲಸೀಟು:
ಮೊದಲು ಸ್ಪಿನ್ (ರೆಕ್ಕೆಯ ಎತ್ತುವ ಬಲ ಕುಸಿದು ವಿಮಾನ ಸುತ್ತುತ್ತಾ ಕೆಳಗಿಳಿಯೋದು) ಎಲ್ಲಿ ಹೇಳಿಕೊಡ್ತಾರೆ ಅಂತ ಕೇಳಿ. ಡಿಎ40ಯಲ್ಲಿ ಬೇಕಂತಲೇ ಸ್ಪಿನ್ ಮಾಡುವಂತಿಲ್ಲ, ವಿಮಾನದ ಮ್ಯಾನುಯಲ್‌ನಲ್ಲೇ ಇದೆ. ಸಿರಸ್ ಎಸ್‌ಆರ್20ಯಲ್ಲೂ ಇಲ್ಲ. 152ರಲ್ಲಿ ಮಾಡಬಹುದು. 172ರಲ್ಲೂ ಆಗುತ್ತೆ, ಆದರೆ ತೂಕ ಯುಟಿಲಿಟಿ ಕೆಟಗರಿಯೊಳಗೆ (ಇಂಥ ಹಾರಾಟಕ್ಕೆ ಇರುವ ಕಡಿಮೆ ತೂಕದ ಮಿತಿ) ಇರಬೇಕು, ಹಿಂದಿನ ಸೀಟಲ್ಲಿ ಯಾರೂ ಇರಬಾರದು. ಸ್ಪಿನ್‌ನಿಂದ ಹೊರಬರೋಕೆ ಥ್ರಾಟಲ್ ಹಿಂದಕ್ಕೆ, ಏಲೆರಾನ್ (ರೆಕ್ಕೆಯ ಹಿಂಬದಿಯ ಪಟ್ಟಿ) ನ್ಯೂಟ್ರಲ್, ಸುತ್ತುವ ದಿಕ್ಕಿಗೆ ಎದುರು ರಡ್ಡರ್ (ಬಾಲದ ಚುಕ್ಕಾಣಿ), ಯೋಕ್ (ಕೈಯಲ್ಲಿ ಹಿಡಿಯುವ ಸ್ಟಿಯರಿಂಗ್) ಮುಂದಕ್ಕೆ. ಬಾಯಿಪಾಠ ಎಲ್ಲರಿಗೂ ಬರುತ್ತೆ. ನೆಲ ಗಿರಗಿರ ಸುತ್ತುತ್ತಿರುವಾಗ, ಪಕ್ಕದವನು ಹೆದರಿ ಯೋಕನ್ನು ಎದೆಗೆ ಎಳೆದುಕೊಂಡು ಕೂತಾಗ, ಅದನ್ನೇ ಮಾಡುತ್ತಾ ವಿವರಿಸಬೇಕು. ದೊಡ್ಡ ಸ್ಕೂಲಿನವರು ‘ಅದಕ್ಕೆ ಬೇರೆ ವಿಮಾನ ತರಿಸ್ತೀವಿ’ ಅಂದರೆ ಯಾವಾಗ, ಯಾರ ಜೊತೆ ಅಂತ ಬಿಡದೆ ಕೇಳಿ.

ಎರಡನೇದು, ನಿಮಗೆ ಕಲಿಸುವವರು ಯಾರು? ಏರ್‌ಲೈನ್‌ನಿಂದ ಕರೆ ಬರಲಿ ಅಂತ ಕಾಯುತ್ತಾ ಹಾರಾಟದ ಗಂಟೆ ಕೂಡಿಸುತ್ತಿರುವವರು ಒಳ್ಳೇ ಪೈಲಟ್ ಆಗಿರಬಹುದು. ಆದರೆ ಇನ್‌ಸ್ಟ್ರಕ್ಟರನ್ನು ತಯಾರು ಮಾಡೋದು ಬೇರೆ ಕೆಲಸ. ನನಗೆ ಕಲಿಸಿದವರು ಬೋರ್ಡ್ ಮುಂದೆ ನನ್ನನ್ನು ನಿಲ್ಲಿಸಿ, ತಾವು ಬೆಂಚಲ್ಲಿ ಕೂತು, ಏನೂ ಗೊತ್ತಿಲ್ಲದವರ ಥರ ಕೇಳೋರು: ‘ಸ್ಟಾಲ್ ಅಂದ್ರೆ ಎಂಜಿನ್ ಆಫ್ ಆಗೋದಲ್ವಾ ಸರ್?’ ರೆಕ್ಕೆಯ ಆಂಗಲ್ ಆಫ್ ಅಟ್ಯಾಕ್ (ಎದುರು ಗಾಳಿಗೆ ರೆಕ್ಕೆಯ ಕೋನ) ಮಿತಿ ಮೀರಿದರೆ ಯಾವ ವೇಗದಲ್ಲೂ ಸ್ಟಾಲ್ ಆಗುತ್ತೆ, ಎತ್ತುವ ಬಲ ಕುಸಿಯುತ್ತೆ ಅಂತ ಹೇಳಿದರೆ, ‘ಹಾಗಾದ್ರೆ ಸ್ಪೀಡ್ ಯಾಕೆ ನೋಡ್ಬೇಕು?’ ಅನ್ನೋರು. ತಲೆ ಕೆಟ್ಟುಹೋಗೋದು! ಮೇಲೆ ಹೋದ ಮೇಲೂ ಬಿಡುತ್ತಿರಲಿಲ್ಲ. ಫ್ಲೇರ್‌ನಲ್ಲಿ (ನೆಲ ಮುಟ್ಟುವ ಮುಂಚೆ ಮೂಗು ಎತ್ತುವಾಗ) ಬೇಕಂತಲೇ ಜಾಸ್ತಿ ಎಳೆದು ವಿಮಾನವನ್ನು ಮೇಲಕ್ಕೇಳಿಸೋರು. ಎಷ್ಟು ಹೊತ್ತು ಸುಮ್ನಿರಬೇಕು, ಯಾವಾಗ ‘ಐ ಹ್ಯಾವ್ ಕಂಟ್ರೋಲ್’ ಅನ್ನಬೇಕು ಅನ್ನೋದನ್ನು ನಾನು ಕಲಿತದ್ದು ಹಾಗೆ.

ಸಿಮ್ಯುಲೇಟರ್ ಕಣ್ಣಿಗೆ ಚೆನ್ನ. ಅದರಿಂದ ಸ್ಕೂಲ್ ಆರಿಸಬೇಡಿ.

ಗಾಳಿಚೀಲ:
ಬಲಸೀಟು ಹೇಳಿದ್ದಕ್ಕೆ ಪೂರ್ತಿ ಒಪ್ಪಲ್ಲ. ಒಂದೇ 152 ಇದ್ದು, ಅದು 100 ಗಂಟೆ ಇನ್‌ಸ್ಪೆಕ್ಷನ್‌ಗೆ ಹ್ಯಾಂಗರ್ ಸೇರಿದರೆ ನೀವು ಮನೇಲಿ ಕೂರಬೇಕು. ಮಧ್ಯೆ ಬಿಟ್ಟುಹೋದರೆ ಇನ್‌ಸ್ಟ್ರಕ್ಟರ್ ಕೂರುವ ಬಲಗಡೆ ಸೀಟಿನ ಅಭ್ಯಾಸವೂ ತಪ್ಪುತ್ತೆ. ಮತ್ತೆ, ಮುಂದೆ ನಿಮ್ಮ ವಿದ್ಯಾರ್ಥಿಗಳು ಗ್ಲಾಸ್ ಕಾಕ್‌ಪಿಟ್‌ನಲ್ಲೇ ಕೂರೋದು. ಸ್ಕ್ರೀನ್ ನೋಡುತ್ತಲೇ ಕೂತವನ ಕಣ್ಣನ್ನು ಹೊರಗೆ ತಿರುಗಿಸೋದು ಹೇಗೆ ಅಂತ ಕಲಿಯೋಕೆ ಅಂಥ ವಿಮಾನವೂ ಬೇಕು. ಕೋರ್ಸ್ ಮುಗಿದ ಮೇಲೆ ಕೆಲಸ ಕೊಡ್ತಾರಾ ಅಂತಲೂ ಕೇಳಿ. ಕೊಡ್ತೀವಿ ಅಂದರೆ ಬರವಣಿಗೆಯಲ್ಲಿ ತಗೊಳ್ಳಿ.

ಹೊಸಹಾರಾಟ:
ಇಬ್ಬರಿಗೂ ಥ್ಯಾಂಕ್ಸ್. ಸ್ಪಿನ್ ಬಗ್ಗೆ ದೊಡ್ಡ ಸ್ಕೂಲಿಗೆ ಫೋನ್ ಮಾಡಿದೆ, ‘ಅದು ಆಮೇಲೆ ನೋಡೋಣ’ ಅಂದರು. ಚಿಕ್ಕ ಸ್ಕೂಲಿನ ಸರ್ ಒಂದು ದಿನ ಬಂದು ಬಲಗಡೆ ಕೂತು ಹಾರಿ ನೋಡು ಅಂದಿದ್ದಾರೆ. ಅವತ್ತು ಏನು ಗಮನಿಸಲಿ?

ಬಲಸೀಟು:
ಅಡ್ಡಗಾಳಿ ಇರುವ ದಿನ ಹೋಗಿ. ಥ್ರಾಟಲ್ ಎಡಗೈಗೆ ಬಂದಿರುತ್ತೆ, ಏರ್‌ಸ್ಪೀಡ್ ಮುಳ್ಳನ್ನು ಓರೆಯಿಂದ ನೋಡಬೇಕು, ನೇರ ಇಳಿಯುತ್ತಿದ್ದೀನಿ ಅನ್ನಿಸಿದರೂ ಮೂಗು ಒಂದು ಕಡೆ ತಿರುಗಿರುತ್ತೆ. ಮೊದಲ ಲ್ಯಾಂಡಿಂಗ್ ಯಾರದ್ದೂ ಚೆನ್ನಾಗಿರಲ್ಲ, ಅದನ್ನು ನೋಡಬೇಡಿ. ಇಳಿದ ಮೇಲೆ ಆ ಸರ್ ತಾವೇ ಪಾಠ ಶುರು ಮಾಡ್ತಾರೋ, ಇಲ್ಲಾ ಏನಾಯ್ತು ಅಂತ ಮೊದಲು ನಿಮ್ಮ ಬಾಯಿಂದ ಹೇಳಿಸ್ತಾರೋ ನೋಡಿ. 152ರ ಮೇಂಟೆನೆನ್ಸ್ ದಿನಗಳಲ್ಲಿ 172 ಸಿಗುತ್ತಾ ಅಂತ ಅವತ್ತೇ ಕೇಳಿಬಿಡಿ, ಗಾಳಿಚೀಲ ಹೇಳಿದ್ದರಲ್ಲಿ ಅದಂತೂ ನಿಜ.