ಸ್ಕಾಟ್ಲೆಂಡ್ ಬೇರೆಯಾದರೆ ಖಜಾನೆ, ಕರೆನ್ಸಿ ಏನಾಗುತ್ತವೆ?

ಅರ್ಥಾಸಕ್ತ:
ಸ್ವಾತಂತ್ರ್ಯ ಬೇಕು ಅನ್ನುವವರೂ ಬೇಡ ಅನ್ನುವವರೂ ಒಂದೇ ಗರ್ಸ್ ವರದಿಯಿಂದ, ಅಂದರೆ ಸ್ಕಾಟ್ಲೆಂಡಿನ ಸರ್ಕಾರಿ ವರಮಾನ–ಖರ್ಚಿನ ವಾರ್ಷಿಕ ಲೆಕ್ಕದಿಂದ, ಅಂಕಿ ಎತ್ತುತ್ತಾರೆ. ಅದನ್ನು ಓದೋದು ಹೇಗೆ? ಹೇಗೂ ಸ್ಕಾಟ್ಲೆಂಡಿನ ಬ್ಯಾಂಕುಗಳು ತಮ್ಮದೇ ನೋಟು ಅಚ್ಚು ಹಾಕುತ್ತವಲ್ಲ, ಮತ್ತೆ ಕರೆನ್ಸಿ ವಿಷಯ ಇಷ್ಟೊಂದು ಕಗ್ಗಂಟಾಗಿದ್ದೇಕೆ?

ಲೆಕ್ಕಪತ್ರ:
ಗರ್ಸ್ ತಯಾರಿಸುವವರು ಸ್ಕಾಟಿಷ್ ಸರ್ಕಾರದ್ದೇ ಅಂಕಿಅಂಶ ತಜ್ಞರು, ಹಾಗಾಗಿ ಅದನ್ನು ಲಂಡನ್ನಿನ ಪಿತೂರಿ ಅನ್ನುವ ವಾದ ನಿಲ್ಲೋದಿಲ್ಲ. 2023–24ರಲ್ಲಿ ಉತ್ತರ ಸಮುದ್ರದ ತೈಲ ವರಮಾನದ ಪಾಲು ಸೇರಿಸಿದ ಮೇಲೂ ಕೊರತೆ, ಅಂದರೆ ವರಮಾನಕ್ಕಿಂತ ಹೆಚ್ಚಾದ ಖರ್ಚು, 22.7 ಬಿಲಿಯನ್ ಪೌಂಡ್, ಅಂದರೆ ಜಿಡಿಪಿಯ ಶೇ 10.4. ಅದೇ ವರ್ಷ ಇಡೀ ಬ್ರಿಟನ್ನಿನದು ಶೇ 4.5.

ಓದುವಾಗ ಖರ್ಚನ್ನು ಎರಡು ರಾಶಿ ಮಾಡಿಕೊಳ್ಳಿ. ಆಸ್ಪತ್ರೆ, ಶಾಲೆ, ಪಿಂಚಣಿಯಂಥವು ಬೇರೆಯಾದ ಮರುದಿನವೂ ಇರುತ್ತವೆ. ರಕ್ಷಣೆ, ಸಾಲದ ಬಡ್ಡಿಯಂಥವನ್ನು ಜನಸಂಖ್ಯೆಯ ಲೆಕ್ಕದಲ್ಲಿ, ಸುಮಾರು ಶೇ 8ರಂತೆ, ಸ್ಕಾಟ್ಲೆಂಡಿನ ತಲೆಗೆ ಕಟ್ಟಲಾಗಿದೆ. ಹೊಸ ದೇಶ ಕೈಯಾಡಿಸಬಹುದಾದದ್ದು ಮುಖ್ಯವಾಗಿ ಈ ಎರಡನೇ ರಾಶಿಗೆ. ಆದರೆ ರಕ್ಷಣಾ ವೆಚ್ಚವನ್ನು ಅರ್ಧಕ್ಕಿಳಿಸಿದರೂ ಕೊರತೆಯಲ್ಲಿ ತುಂಬುವುದು ಸಣ್ಣ ಪಾಲು ಮಾತ್ರ.

ಬೇಕು ಅನ್ನುವವರ ಗಟ್ಟಿ ವಾದ ಬೇರೆ ಇದೆ: ಈ ಕೊರತೆ ಈಗಿನ ವ್ಯವಸ್ಥೆಯ ಫಲ. ಕಾರ್ಪೊರೇಟ್ ತೆರಿಗೆ, ವಲಸೆ ನೀತಿ ಎಲ್ಲ ವೆಸ್ಟ್‌ಮಿನ್‌ಸ್ಟರ್ (ಲಂಡನ್ನಿನ ಬ್ರಿಟಿಷ್ ಸಂಸತ್ತು) ಕೈಲಿವೆ, ಅವು ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋಗೆ ಬಂದರೆ ಬೆಳವಣಿಗೆಯ ದಾರಿಯೇ ಬದಲಾಗಬಹುದು. ಇದನ್ನು ಒಪ್ಪುತ್ತೇನೆ. ಆದರೆ ಅದಕ್ಕೆ ವರ್ಷಗಳು ಬೇಕು, ಕೊರತೆಗೆ ದುಡ್ಡು ಮೊದಲ ತಿಂಗಳೇ ಹೊಂದಿಸಬೇಕು. ತೈಲ ನಂಬಿ ಬಜೆಟ್ ಹೆಣೆಯುವುದೂ ಅಪಾಯ. ಸ್ವಾತಂತ್ರ್ಯದ ಬಗ್ಗೆ ಸ್ಕಾಟಿಷ್ ಸರ್ಕಾರ ಹೊರಡಿಸಿದ 2013ರ ಶ್ವೇತಪತ್ರ ಬ್ಯಾರೆಲ್‌ಗೆ ಸುಮಾರು 110 ಡಾಲರ್ ಹಿಡಿದಿತ್ತು, 2016ರ ಜನವರಿಯಲ್ಲಿ ಬೆಲೆ 30ಕ್ಕಿಂತ ಕೆಳಗಿಳಿಯಿತು.

ನಾಣ್ಯಶಾಲೆ:
ನೋಟಿನ ವಿಷಯಕ್ಕೆ ಬರುತ್ತೇನೆ. ಅಲ್ಲಿ ನೋಟು ಹೊರಡಿಸುವವು ಮೂರು ವಾಣಿಜ್ಯ ಬ್ಯಾಂಕುಗಳು, ಆದರೆ ಅಷ್ಟೇ ಮೊತ್ತಕ್ಕೆ ಆಧಾರ ಇಡಬೇಕು. ಅದಕ್ಕೆಂದೇ ಬ್ಯಾಂಕ್ ಆಫ್ ಇಂಗ್ಲೆಂಡ್ ಒಳಗೆ 10 ಲಕ್ಷ ಪೌಂಡಿನ 'ಜೈಂಟ್', 10 ಕೋಟಿ ಪೌಂಡಿನ 'ಟೈಟನ್' ಎಂಬ ನೋಟುಗಳಿವೆ, ಅವು ಚಲಾವಣೆಗೆ ಬರುವುದೇ ಇಲ್ಲ. ಚಿತ್ರ ಸ್ಕಾಟ್ಲೆಂಡಿನದಾದರೂ ದುಡ್ಡು ಸ್ಟರ್ಲಿಂಗೇ, ಅಂದರೆ ಬ್ರಿಟನ್ನಿನ ಪೌಂಡೇ.

2014ರ ಸ್ವಾತಂತ್ರ್ಯದ ಜನಮತಗಣನೆಗೆ ಮುಂಚೆ ಸ್ಕಾಟಿಷ್ ಸರ್ಕಾರ ಕೇಳಿದ್ದು ಕರೆನ್ಸಿ ಒಕ್ಕೂಟ, ಅಂದರೆ ಬೇರೆಯಾದ ಮೇಲೂ ಎರಡೂ ದೇಶ ಒಪ್ಪಂದ ಮಾಡಿಕೊಂಡು ಒಂದೇ ಪೌಂಡ್ ಬಳಸುವುದು. ಆ ವರ್ಷದ ಫೆಬ್ರವರಿಯಲ್ಲಿ ಬ್ರಿಟನ್ನಿನ ಆಗಿನ ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಆಗಲ್ಲ ಅಂದರು, ಲೇಬರ್, ಲಿಬರಲ್ ಡೆಮೊಕ್ರಾಟ್ ಪಕ್ಷಗಳೂ ಅದನ್ನೇ ಅಂದವು. ಬೇರೆ ದೇಶದ ಬ್ಯಾಂಕ್ ಮುಳುಗಿದಾಗ ತಮ್ಮ ತೆರಿಗೆದಾರರು ಯಾಕೆ ಎತ್ತಬೇಕು ಅನ್ನುವುದು ಅವರ ಆಕ್ಷೇಪ. ಸ್ಕಾಟಿಷ್ ಸರ್ಕಾರದ 2022ರ ಪ್ರಸ್ತಾವದಲ್ಲಿ ಮೊದಲು ಸ್ಟರ್ಲಿಂಗ್, ಆಮೇಲೆ ಆದಷ್ಟು ಬೇಗ ಸ್ಕಾಟಿಷ್ ಪೌಂಡ್.

ತೊಂದರೆ ಆಗೋದು ಈ 'ಆಮೇಲೆ'ಯಲ್ಲೇ. ಜೆಕೊಸ್ಲೊವಾಕಿಯಾ 1993ರ ಜನವರಿ 1ರಂದು ಒಡೆದಾಗ ಎರಡೂ ದೇಶಕ್ಕೆ ಒಂದೇ ಕರೆನ್ಸಿ ಇತ್ತು. ಸ್ಲೊವಾಕ್ ದುಡ್ಡಿನ ಬೆಲೆ ಬೀಳಬಹುದೆಂದು ಜನ ಠೇವಣಿಯನ್ನು ಜೆಕ್ ಬ್ಯಾಂಕುಗಳಿಗೆ ಸಾಗಿಸಿದರು. ಫೆಬ್ರವರಿ 8ಕ್ಕೇ ಆ ಕರೆನ್ಸಿ ಒಕ್ಕೂಟ ಮುಗಿಯಿತು. ಹಳೇ ನೋಟಿನ ಮೇಲೆ ಅಂಚೆಚೀಟಿಯಂಥ ಸ್ಟಾಂಪ್ ಅಂಟಿಸಿ ಬೇರ್ಪಡಿಸಿದರು. ಮುಂದೆ ಕರೆನ್ಸಿ ಬದಲಾಗುತ್ತದೆ ಅಂತ ಮೊದಲೇ ಸಾರಿದರೆ ಠೇವಣಿದಾರ ಕಾಯುವುದಿಲ್ಲ.

ಅರ್ಥಾಸಕ್ತ:
ಮನೆ ಸಾಲದ ಕಂತು ಕಟ್ಟುವವರ ಕಥೆ?

ನಾಣ್ಯಶಾಲೆ:
ಸಾಲ ಸ್ಟರ್ಲಿಂಗಿನಲ್ಲೇ ಉಳಿದು ಸಂಬಳ ಸ್ಕಾಟಿಷ್ ಪೌಂಡಿಗೆ ಬದಲಾಯಿತು ಅನ್ನಿ. ಹೊಸ ಪೌಂಡ್ ಶೇ 10 ಕುಸಿದರೆ ಕಂತು ಸುಮಾರು ಶೇ 11 ಏರುತ್ತದೆ. ಸಾಲವನ್ನೂ ಬದಲಾಯಿಸಿದರೆ ನಷ್ಟ ಬ್ಯಾಂಕಿನ ಮೇಲೆ ಬೀಳುತ್ತದೆ.

ಗಡಿರೇಖೆ:
ವ್ಯಾಪಾರ ಯಾರೂ ಎತ್ತಲಿಲ್ಲ. ಸ್ಕಾಟ್ಲೆಂಡ್ ಹೊರಗೆ ಮಾರುವುದರಲ್ಲಿ ಸುಮಾರು ಶೇ 60 ಹೋಗುವುದು ಬ್ರಿಟನ್ನಿನ ಉಳಿದ ಭಾಗಕ್ಕೆ. ಐರೋಪ್ಯ ಒಕ್ಕೂಟ ಸೇರಿದರೆ ಗ್ರೆಟ್ನಾ, ಬೆರಿಕ್ ಊರುಗಳ ಬಳಿ ಇಂಗ್ಲೆಂಡಿನ ಜೊತೆಗಿರುವ ಗಡಿ ಐರೋಪ್ಯ ಒಕ್ಕೂಟದ ಸುಂಕದ ಗಡಿಯಾಗುತ್ತದೆ.

ಹಾಗಂತ ಬೇಕು ಅನ್ನುವವರ ಆಸೆ ಪೊಳ್ಳಲ್ಲ. ಐರ್ಲೆಂಡ್ 1973ರಲ್ಲಿ ಯುರೋಪಿನ ಕೂಟ ಸೇರಿ ಬ್ರಿಟಿಷ್ ಮಾರುಕಟ್ಟೆಯ ಮೇಲಿನ ಅವಲಂಬನೆಯನ್ನು ನಿಧಾನವಾಗಿ ಇಳಿಸಿಕೊಂಡಿತು. ಆದರೆ ಅದರ ಪೌಂಡ್ 1979ರವರೆಗೂ ಸ್ಟರ್ಲಿಂಗಿಗೆ ಸಮಸಮವಾಗಿ ಕಟ್ಟಿಕೊಂಡೇ ಇತ್ತು. ಅಂಥ ಕಟ್ಟು ನಿಲ್ಲಬೇಕಾದರೆ ವಿದೇಶಿ ವಿನಿಮಯದ ದಾಸ್ತಾನು ಬೇಕು. ಅದನ್ನು ಲಂಡನ್ನಿನಿಂದ ಪಾಲಾಗಿ ಪಡೆಯಬೇಕು, ಇಲ್ಲವೇ ಮೊದಲ ವರ್ಷವೇ ಸಾಲ ಎತ್ತಬೇಕು, ಅದೂ ಮೇಲಿನ ಕೊರತೆ ತುಂಬುವ ಸಾಲದ ಜೊತೆಗೆ.